ಆಪರೇಷನ್ ಆಗಿ ಏಳು ವಾರ, ಸೀರೆಯ ಅಂಚು ಇನ್ನೂ ಎಡಕ್ಕೇ ನೆಲ ತಾಗುತ್ತಿದೆ

ಕರಿಹಲಗೆ · ಜೂನ್ 6

ನಮಸ್ಕಾರ. ತೀರ್ಥಹಳ್ಳಿ ಕಡೆಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ, ವಯಸ್ಸು 44. ಕಳೆದ ದೀಪಾವಳಿಯ ಹೊತ್ತಿಗೆ ಬಲಗಾಲಿನಲ್ಲಿ ಸೆಳೆತ ಶುರುವಾಯಿತು. ಸೊಂಟದ ಕೆಳಗಿನಿಂದ ಕಿರುಬೆರಳಿನ ತನಕ ಕಾದ ತಂತಿ ಎಳೆದ ಹಾಗೆ. ಮಾರ್ಚ್ ಬರುವಷ್ಟರಲ್ಲಿ ಹತ್ತು ನಿಮಿಷ ನಿಲ್ಲುವುದೂ ಕಷ್ಟವಾಯಿತು. ವರ್ಷದ ಕೊನೆಯ ಪಾಠಗಳನ್ನೆಲ್ಲ ಕುರ್ಚಿಯ ಬೆನ್ನು ಹಿಡಿದುಕೊಂಡೇ ಮುಗಿಸಿದೆ. ಎಂಆರ್‌ಐ ಮಾಡಿಸಿದಾಗ ಬೆನ್ನುಮೂಳೆಯ ಕೆಳತುದಿಯ ಎಲ್5-ಎಸ್1 ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಜಾರಿ ನರವನ್ನು ಒತ್ತುತ್ತಿರುವುದು ಗೊತ್ತಾಯಿತು. ಬೇಸಿಗೆ ರಜೆಗೆ ಹೊಂದಿಸಿಕೊಂಡು ಏಪ್ರಿಲ್ 17ಕ್ಕೆ ಮೈಕ್ರೊಡಿಸ್ಕೆಕ್ಟಮಿ, ಅಂದರೆ ಜಾರಿದ ಚೂರನ್ನು ಸಣ್ಣ ಗಾಯ ಮಾಡಿ ತೆಗೆಯುವ ಆಪರೇಷನ್, ಮಾಡಿಸಿಕೊಂಡೆ.

ಎಚ್ಚರವಾದಾಗ ಕಾಲಿನ ಉರಿ ಇರಲಿಲ್ಲ. ಅದಕ್ಕೆ ಎಷ್ಟು ಕೈ ಮುಗಿದರೂ ಕಡಿಮೆ. ಆದರೆ ಮೈ ನೆಟ್ಟಗಾಗಿಲ್ಲ. ನೋವಿದ್ದಾಗ ಎಡಕ್ಕೆ ವಾಲಿ ನಿಲ್ಲುತ್ತಿದ್ದೆ, ಈಗಲೂ ಹಾಗೆಯೇ ನಿಲ್ಲುತ್ತೇನೆ, ನನಗೆ ಮಾತ್ರ ಅದು ಗೊತ್ತೇ ಆಗುವುದಿಲ್ಲ. ಸೀರೆಯನ್ನು ಎಷ್ಟು ಸಮ ಮಾಡಿ ಉಟ್ಟರೂ ಹತ್ತು ಹೆಜ್ಜೆ ನಡೆಯುವುದರೊಳಗೆ ಎಡಗಡೆಯ ಅಂಚು ನೆಲ ಗುಡಿಸುತ್ತಿರುತ್ತದೆ. ಶಾಲೆ ಶುರುವಾದ ದಿನ ಮೂರನೇ ತರಗತಿಯ ಹುಡುಗಿಯೊಬ್ಬಳು "ಮಿಸ್, ನೀವು ಬಾಳೆಗಿಡದ ಹಾಗೆ ಬಗ್ಗಿದ್ದೀರಿ" ಎಂದಳು. ಗೊನೆ ಹೊತ್ತ ಬಾಳೆಗೆ ಊರುಗೋಲು ಕೊಡುವುದನ್ನು ದಿನಾ ನೋಡುವ ಮಗು, ಅವಳ ಕಣ್ಣಿಗೆ ಬಿದ್ದದ್ದನ್ನು ಹೇಳಿದ್ದಾಳೆ.

ಇನ್ನೊಂದು: ಕರಿಹಲಗೆಯ ಮೇಲ್ತುದಿಯಲ್ಲಿ ದಿನಾಂಕ ಬರೆಯಲು ತುದಿಗಾಲಲ್ಲಿ ನಿಂತರೆ ಬಲಗಾಲಿನ ಹಿಮ್ಮಡಿ ಏಳುವುದೇ ಇಲ್ಲ. ಪಾದದ ಹೊರ ಅಂಚು ಜೋಮು. ಮೊನ್ನೆ ಮಳೆಯಲ್ಲಿ ಬರುವಾಗ ಬಲಗಾಲಿನ ಹವಾಯಿ ಚಪ್ಪಲಿ ಕೆಸರಿನಲ್ಲಿ ಉಳಿದುಬಿಟ್ಟಿದೆ. ಗೇಟಿನ ತನಕ ಬಂದ ಮೇಲೆ ನೋಡುತ್ತೇನೆ, ಬರಿಗಾಲು.

ವೈದ್ಯರು "ಬಗ್ಗಬೇಡಿ, ಭಾರ ಎತ್ತಬೇಡಿ, ನಡೆಯಿರಿ" ಎಂದಷ್ಟೇ ಹೇಳಿ ಕಳುಹಿಸಿದರು. ಎಷ್ಟು ದಿನ ಬಗ್ಗಬಾರದು? ಈ ವಾಲುವಿಕೆ ತಾನಾಗಿ ಹೋಗುತ್ತದೆಯೇ? ಅನುಭವವಿದ್ದವರು ತಿಳಿಸಿ.

ಮೂರನೇ ಗೇರು · ಜೂನ್ 6

ತಂಗೀ, ನಾನು ಇಪ್ಪತ್ತೊಂಬತ್ತು ವರ್ಷ ಬಸ್ ಓಡಿಸಿದವನು. ನನ್ನ ಎಲ್4-ಎಲ್5 ಮಧ್ಯೆ ಈಗ ನಾಲ್ಕು ಸ್ಕ್ರೂ, ಎರಡು ಸರಳು ಇವೆ. ನಿಮ್ಮದು ಚಿಕ್ಕ ಆಪರೇಷನ್, ನನ್ನದು ಎರಡು ಮೂಳೆ ಬೆಸೆಯುವ ಫ್ಯೂಷನ್. ಹಾಗಾಗಿ ನನ್ನ ಲೆಕ್ಕ ನಿಮಗೆ ಹಾಕಬೇಡಿ. ನನಗೆ ಮೂರು ತಿಂಗಳು ಬಗ್ಗುವುದು, ತಿರುಚುವುದು, ಎತ್ತುವುದು ಮೂರೂ ನಿಷೇಧವಿತ್ತು. ಸ್ಕ್ರೂ ಹಿಡಿದಿಡುವುದು ಸ್ವಲ್ಪ ಕಾಲ ಮಾತ್ರ, ನಿಜವಾದ ಬೆಸುಗೆ ಮೂಳೆಯದು, ಅದಕ್ಕೆ ಆರು ತಿಂಗಳಿಂದ ಒಂದು ವರ್ಷ ಬೇಕು ಎಂದು ಡಾಕ್ಟರು ಚಿತ್ರ ಬರೆದು ತೋರಿಸಿದ್ದರು. ಬೀಡಿ ಬಿಡದಿದ್ದರೆ ಮೂಳೆ ಕೂಡುವುದು ಅನುಮಾನ, ಬಿಟ್ಟು ಬಂದ ಮೇಲೆ ದಿನಾಂಕ ಕೊಡುತ್ತೇನೆ ಎಂದರು. ಹೆಂಡತಿ ಇಪ್ಪತ್ತು ವರ್ಷ ಹೇಳಿ ಸೋತಿದ್ದನ್ನು ಅವರು ಎರಡು ನಿಮಿಷದಲ್ಲಿ ಮಾಡಿಸಿದರು.

ಒಂದು ಮಾತು. ಹಾಸಿಗೆಯಿಂದ ನೇರವಾಗಿ ಎದ್ದು ಕೂರಬೇಡಿ. ಮರದ ದಿಮ್ಮಿ ಹೊರಳಿದ ಹಾಗೆ ಭುಜ, ಸೊಂಟ, ಮೊಣಕಾಲು ಒಟ್ಟಿಗೇ ಪಕ್ಕಕ್ಕೆ ಹೊರಳಿ, ಕಾಲುಗಳನ್ನು ಮಂಚದಿಂದ ಕೆಳಗಿಳಿಸುತ್ತ ಕೈಯೂರಿ ಏಳಿ. ನನಗೆ ಈಗ ನಾಲ್ಕು ವರ್ಷವಾಯಿತು, ಬೇರೆ ರೀತಿ ಏಳಲು ಬರುವುದೇ ಇಲ್ಲ.

ಅಡಿಕೆಸೀಮೆ · ಜೂನ್ 7

ಮೇಡಂ, ನನ್ನನ್ನು ನೋಡಿ ಕಲಿಯಿರಿ. ನಿಮ್ಮದೇ ಆಪರೇಷನ್, ಅದೇ ಜಾಗ. ಐದನೇ ವಾರ ನೋವಿಲ್ಲ ಎಂದು ತೋಟಕ್ಕೆ ಹೋದೆ. ಕೊನೆ ಕೊಯ್ಲಿನ ಸಮಯ, ಆಳು ಸಿಗುವುದಿಲ್ಲ, ಒಂದು ಚೀಲ ಹಸಿ ಅಡಿಕೆಯನ್ನು ನಾನೇ ಪಕ್ಕಕ್ಕೆ ಎತ್ತಿಟ್ಟೆ. ಎತ್ತಿದ್ದಕ್ಕಿಂತ ಎತ್ತಿಕೊಂಡು ತಿರುಗಿದ್ದು ಕೆಟ್ಟಿತು. ಅದೇ ಡಿಸ್ಕಿನ ಉಳಿದ ಚೂರು ಮತ್ತೆ ಹೊರಗೆ ಬಂತು. ಎರಡನೇ ಸಲ ಟೇಬಲ್ ಮೇಲೆ ಮಲಗಿದೆ. ಆರು ತಿಂಗಳು ಏನನ್ನೂ ಮುಟ್ಟಬೇಡಿ. ಸೊಂಟದ ಬೆಲ್ಟು ಬಿಚ್ಚಬೇಡಿ. ಇಷ್ಟೇ.

ಧಾರವಾಡದ ಫಿಸಿಯೊ · ಜೂನ್ 7

ಅಡಿಕೆಸೀಮೆಯವರ ನೋವು ಅರ್ಥವಾಗುತ್ತದೆ. ಆದರೆ ಒಂದು ಚೀಲದ ಕಥೆಯಿಂದ ಆರು ತಿಂಗಳ ಶಿಕ್ಷೆ ಬರೆಯಬೇಡಿ ರಾಯರೇ. ಮೈಕ್ರೊಡಿಸ್ಕೆಕ್ಟಮಿಯ ನಂತರ ಎಷ್ಟು ಕಟ್ಟುಪಾಡು ಬೇಕು ಎಂಬುದರಲ್ಲಿ ಶಸ್ತ್ರಚಿಕಿತ್ಸಕರಲ್ಲೇ ಒಮ್ಮತವಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಆರು ವಾರ ಹೇಳುತ್ತಾರೆ. ಅಮೆರಿಕದ ಯೂಜೀನ್ ಕ್ಯಾರಗಿ ಮತ್ತು ಸಂಗಡಿಗರು 152 ರೋಗಿಗಳಿಗೆ ಯಾವ ನಿರ್ಬಂಧವನ್ನೂ ಹಾಕದೆ ಕಳುಹಿಸಿ, ಏನಾಯಿತೆಂದು 1999ರಲ್ಲಿ ಪ್ರಕಟಿಸಿದರು. ಹೆಚ್ಚಿನವರು ಬೇಗನೆ ಕೆಲಸಕ್ಕೆ ಮರಳಿದರು, ತೊಂದರೆಯೇನೂ ಹೆಚ್ಚಲಿಲ್ಲ. ಇದನ್ನು ಓದಿ ನಾಳೆಯೇ ಚೀಲ ಎತ್ತಿ ಎನ್ನುತ್ತಿಲ್ಲ. ಬೆನ್ನು ಗಾಜಿನ ಬಳೆಯಲ್ಲ ಎನ್ನುತ್ತಿದ್ದೇನೆ.

ಮೇಡಂ, ಈಗ ನಿಮ್ಮ ಪ್ರಶ್ನೆ. ವಾಲುವುದು ಮೂಳೆ ಡೊಂಕಾದದ್ದರಿಂದ ಅಲ್ಲ. ನರವನ್ನು ಒತ್ತುತ್ತಿದ್ದ ಚೂರಿನಿಂದ ದೂರ ಸರಿಯಲು ಸ್ನಾಯುಗಳು ಮೈಯನ್ನು ಎಡಕ್ಕೆ ಎಳೆದು ಹಿಡಿದಿದ್ದವು. ಚೂರು ಹೋಯಿತು, ಆದರೆ ಐದು ತಿಂಗಳು ಕಾವಲು ನಿಂತವರಿಗೆ ಯುದ್ಧ ಮುಗಿದ ಸುದ್ದಿ ಇನ್ನೂ ಮುಟ್ಟಿಲ್ಲ. ನಿಮ್ಮ ಮಿದುಳು ಈಗ ಆ ಓರೆಯನ್ನೇ ನೇರ ಎಂದು ಲೆಕ್ಕ ಹಿಡಿದಿದೆ; ಅದಕ್ಕೇ ನಿಮಗೆ ಗೊತ್ತಾಗುವುದಿಲ್ಲ. ಬಹಳಷ್ಟು ಜನರಲ್ಲಿ ಇದು ಕೆಲವು ವಾರಗಳಿಂದ ಕೆಲವು ತಿಂಗಳಲ್ಲಿ ಕರಗುತ್ತದೆ. ಹಲ್ಲು ಕಚ್ಚಿ ಸೆಟೆದು ನಿಂತರೆ ಮಾತ್ರ ಕರಗುವುದಿಲ್ಲ, ಕಾವಲಿನವರು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ.

ಹಿಮ್ಮಡಿ ಏಳದಿರುವುದು, ಕಿರುಬೆರಳ ಕಡೆಯ ಜೋಮು, ಎರಡೂ ಆ ಡಿಸ್ಕ್ ಒತ್ತುತ್ತಿದ್ದ ಎಸ್1 ನರದವು. ಸಾಮಾನ್ಯವಾಗಿ ಮೊದಲು ನೋವು ಹೋಗುತ್ತದೆ, ಆಮೇಲೆ ಶಕ್ತಿ ಬರುತ್ತದೆ, ಜೋಮು ಕಟ್ಟಕಡೆಗೆ. ಪೆಟ್ಟಾದ ನರದ ಎಳೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಸೊಂಟದಿಂದ ಕಿರುಬೆರಳಿಗೆ ಎಷ್ಟು ದೂರವೆಂದು ಟೇಪು ಹಿಡಿದು ನೋಡಿ, ತಾಳ್ಮೆ ತಾನಾಗಿ ಬರುತ್ತದೆ. ಅಡುಗೆಕಟ್ಟೆ ಹಿಡಿದುಕೊಂಡು ಎರಡೂ ಹಿಮ್ಮಡಿ ಒಟ್ಟಿಗೆ ಎತ್ತಿ ಇಳಿಸಿ. ಇಳಿಸುವಾಗ ಭಾರವನ್ನು ಸ್ವಲ್ಪ ಸ್ವಲ್ಪ ಬಲಗಾಲಿಗೆ ವರ್ಗಾಯಿಸಿ. ಒಂಟಿ ಬಲಗಾಲಲ್ಲಿ ಹತ್ತು ಸಲ ಎತ್ತಿದ ದಿನ ಇಲ್ಲಿ ಬಂದು ಬರೆಯಿರಿ. ಹವಾಯಿ ಬಿಟ್ಟು ಹಿಂದೆ ಪಟ್ಟಿ ಇರುವ ಚಪ್ಪಲಿ ಕೊಳ್ಳಿ, ಅದು ಇವತ್ತೇ ಆಗಬೇಕು.

ಇದರ ನಡುವೆ ಮೂತ್ರ ಕಟ್ಟಿದರೆ, ಸೈಕಲ್ ಸೀಟು ತಾಗುವ ಜಾಗ ಮರಗಟ್ಟಿದರೆ, ಕಾಲಿನ ಬಲ ಇದ್ದಕ್ಕಿದ್ದಂತೆ ಕುಸಿದರೆ, ಗಾಯ ಸೋರಿ ಜ್ವರ ಬಂದರೆ ಅಥವಾ ಮೀನಖಂಡ ಊದಿ ನೋವಾದರೆ ಇಲ್ಲಿ ಕೇಳುತ್ತ ಕೂರಬೇಡಿ. ಆ ಹೊತ್ತಿಗೇ ಆಸ್ಪತ್ರೆಗೆ ಹೋಗಿ.

ಬೆಳಗಿನ ಯೋಗ · ಜೂನ್ 8

ಸೂರ್ಯನಮಸ್ಕಾರ ದಿನಕ್ಕೆ ಆರು ಸುತ್ತಿನಿಂದ ಶುರು ಮಾಡಿದರೆ ಬೆನ್ನಿನ ಎಲ್ಲ ದೋಷವೂ ಹೋಗುತ್ತದೆ. ನಮ್ಮ ಹಿರಿಯರಿಗೆ ಸ್ಕ್ರೂ, ಸರಳು ಏನೂ ಬೇಕಿರಲಿಲ್ಲ.

ಧಾರವಾಡದ ಫಿಸಿಯೊ · ಜೂನ್ 8

ಏಳನೇ ವಾರಕ್ಕೆ ಸೂರ್ಯನಮಸ್ಕಾರ ಬೇಡ ಸರ್. ಅದರಲ್ಲಿ ಪೂರ್ತಿ ಮುಂದಕ್ಕೆ ಬಾಗುವುದು ಸುತ್ತಿಗೆ ಎರಡು ಸಲ ಬರುತ್ತದೆ. ಪಶ್ಚಿಮೋತ್ತಾನ, ಹಲಾಸನ ಸದ್ಯ ದೂರವೇ ಇರಲಿ. ಮಂಡಿ ಮಡಚಿ ಮಲಗಿ ಸೊಂಟವನ್ನು ಮೆಲ್ಲಗೆ ಎತ್ತುವ ಸೇತುಬಂಧ, ಬೋರಲು ಮಲಗಿ ಮೊಣಕೈಯೂರಿ ಎದೆಯನ್ನಷ್ಟೇ ಎತ್ತುವುದು, ಇವು ಸರಿ, ಅದೂ ಶಸ್ತ್ರಚಿಕಿತ್ಸಕರನ್ನು ಕೇಳಿಕೊಂಡು. ಹಿರಿಯರ ವಿಷಯ: ನಮ್ಮ ಅಜ್ಜ ಕೊನೆಯ ಹನ್ನೆರಡು ವರ್ಷ ಕೋಲು ಹಿಡಿದು ನೆಲ ನೋಡಿಕೊಂಡೇ ನಡೆದರು. ಸ್ಕ್ರೂ ಬೇಕಿರಲಿಲ್ಲ ಎಂದಲ್ಲ, ಸಿಗಲಿಲ್ಲ.

ಬೆಳಗಿನ ಯೋಗ · ಜೂನ್ 9

ಒಪ್ಪಿದೆ, ಆರು ಸುತ್ತು ಎಂದದ್ದು ಅವಸರದ ಮಾತು. ಶವಾಸನಕ್ಕಂತೂ ನಿಮ್ಮ ತಕರಾರು ಇರಲಾರದು.

ತೂಗುಗುಂಡು · ಜೂನ್ 9

ನಾನು ಮನೆ ಕಟ್ಟಿಸುವವನು. ವೈದ್ಯ ಗೊತ್ತಿಲ್ಲ, ನೇರ ಯಾವುದು, ಓರೆ ಯಾವುದು ಗೊತ್ತು. ಮೇಡಂ, ಕಣ್ಣಂದಾಜು ನಂಬಬೇಡಿ. ಬಾಗಿಲ ಚೌಕಟ್ಟಿನ ನಡುವಿಗೆ ಒಂದು ದಾರ ಕಟ್ಟಿ, ತುದಿಗೆ ಬೀಗದ ಕೈ ಗೊಂಚಲು ತೂಗುಬಿಡಿ. ಅದರ ಹಿಂದೆ ನಿಂತು, ಎರಡು ಪಾದಗಳ ನಡುವೆ ದಾರ ಬರುವಂತೆ ನೋಡಿಕೊಂಡು ಯಾರಿಂದಲಾದರೂ ಫೋಟೊ ತೆಗೆಸಿ. ಮೂಗು ದಾರದಿಂದ ಎಷ್ಟು ಬೆರಳು ಆಚೆ ಇದೆ ಎಂದು ಬರೆದಿಡಿ. ವಾರಕ್ಕೊಂದು ಸಲ ಸಾಕು. ದಿನಾ ಅಳೆದರೆ ಗೋಡೆಯೂ ಓರೆಯಾಗಿ ಕಾಣುತ್ತದೆ.

ಕರಿಹಲಗೆ · ಜೂನ್ 11

ತೂಗುಗುಂಡು ಅಣ್ಣಾ, ಅಳೆದೆವು. ಮೂರು ಬೆರಳು. ಯಜಮಾನರು ಫೋಟೊ ತೆಗೆದು, "ದಾರವೇ ಓರೆ ಇರಬೇಕು" ಎಂದು ಸಮಾಧಾನ ಹೇಳಿದರು!

ಎಲ್ಲರ ಉತ್ತರ ಓದಿದ ಮೇಲೆ ಒಂದು ವಿಷಯ ಒಪ್ಪಿಕೊಳ್ಳಬೇಕು. ನಾನು ಈ ಏಳು ವಾರ ನೆಲದಿಂದ ಏನನ್ನೂ ಎತ್ತಿಲ್ಲ. ಸೀಮೆಸುಣ್ಣ ಬಿದ್ದರೆ ಮಕ್ಕಳು ಓಡಿ ಬರುತ್ತಾರೆ. ನೆಲದ ಮೇಲೆ ಕೂತು ಊಟ ಮಾಡಿಲ್ಲ. ಬೆಲ್ಟು ಸ್ನಾನಕ್ಕೆ ಮಾತ್ರ ಬಿಚ್ಚುವುದು. ಕೆಮ್ಮು ಬಂದರೂ ಗೋಡೆ ಹುಡುಕುತ್ತೇನೆ. ನೋವಿನಿಂದಲ್ಲ, ಹೆದರಿಕೆಯಿಂದ. ಹೊಲಿಗೆ ಬಿಚ್ಚಿಹೋಗುತ್ತದೋ ಎನ್ನುವ ಹಾಗೆ ನಡೆಯುತ್ತಿದ್ದೇನೆ, ಹೊಲಿಗೆ ತೆಗೆದು ಒಂದು ತಿಂಗಳ ಮೇಲಾಯಿತು.

ರೈನ್ ದಂಡೆ · ಜೂನ್ 12

ನಾನು ಹಾಸನದವನು, ಜರ್ಮನಿಯಲ್ಲಿ ಕೆಲಸ. ಇಲ್ಲಿ ಇದೇ ಆಪರೇಷನ್ ಮಾಡಿಸಿಕೊಂಡೆ. ಇಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದು ಸ್ವಲ್ಪ ದಿನಕ್ಕೆ 'ರೇಹಾ' ಎಂದು ಸಾಮಾನ್ಯವಾಗಿ ಮೂರು ವಾರ ಕಳುಹಿಸುತ್ತಾರೆ, ಖರ್ಚು ವಿಮೆಯದು. ದಿನವಿಡೀ ವ್ಯಾಯಾಮ, ನೀರಿನಲ್ಲಿ ನಡಿಗೆ, ಜತೆಗೆ 'ಬೆನ್ನಿನ ಶಾಲೆ' ಎಂಬ ಪಾಠ. ನಿಜವಾಗಿಯೂ ಶಾಲೆಯೇ, ಬೆಂಚು, ಹಲಗೆ ಎಲ್ಲ ಇತ್ತು. ಮೊದಲ ದಿನ ಪಾಠ ಹೇಳುವ ತಾಯಿ ನಮ್ಮೆದುರು ಒಂದು ನೀರಿನ ಬಾಟಲಿಯ ಪೆಟ್ಟಿಗೆ ಇಟ್ಟು "ಎತ್ತಿ" ಎಂದಳು. ಹನ್ನೊಂದು ಜನ, ಒಬ್ಬರೂ ಮುಂದೆ ಹೋಗಲಿಲ್ಲ. ಮೂರನೇ ವಾರ ಅದೇ ಪೆಟ್ಟಿಗೆಯನ್ನು ಎಲ್ಲರೂ ಎತ್ತಿದೆವು. ಒಂದು ಕಾಲು ಮುಂದೆ, ಮಂಡಿ ಮಡಚಿ, ಪೆಟ್ಟಿಗೆಯನ್ನು ಹೊಟ್ಟೆಗೆ ಒತ್ತಿ ಹಿಡಿದು, ತಿರುಗಬೇಕಾದರೆ ಸೊಂಟದಿಂದಲ್ಲ, ಪಾದ ಎತ್ತಿಟ್ಟು.

ಊರಲ್ಲಿ ನಮ್ಮ ಚಿಕ್ಕಪ್ಪನಿಗೆ ಇದೇ ಆಪರೇಷನ್ ಆದಾಗ ಒಂದು ಹಾಳೆ ಕೊಟ್ಟು ಕಳುಹಿಸಿದ್ದರು. ಹಾಳೆ ಇಂಗ್ಲಿಷಿನಲ್ಲಿತ್ತು. ಚಿಕ್ಕಪ್ಪ ಅದನ್ನು ಎಕ್ಸ್‌ರೇ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದಾರೆ.

ಧಾರವಾಡದ ಫಿಸಿಯೊ · ಜೂನ್ 12

ಹೆದರಿಕೆಯ ಬಗ್ಗೆ ನೀವೇ ಬರೆದದ್ದು ಒಳ್ಳೆಯದಾಯಿತು ಮೇಡಂ. ಸೆಟೆದ ಬೆನ್ನೂ ಒಂದು ಕೆಟ್ಟ ಭಂಗಿಯೇ. ಆಪರೇಷನ್ ಆದ ನಾಲ್ಕರಿಂದ ಆರು ವಾರಕ್ಕೆ ವ್ಯಾಯಾಮ ಶುರು ಮಾಡಿದವರು ಸುಮ್ಮನಿದ್ದವರಿಗಿಂತ ಬೇಗ ಚೇತರಿಸಿಕೊಳ್ಳುತ್ತಾರೆ, ಅದರಿಂದ ಮರು ಆಪರೇಷನ್ ಹೆಚ್ಚಿದ್ದು ಕಂಡಿಲ್ಲ. ನೀವೀಗ ಆ ಹೊತ್ತಿಗೆ ಬಂದಿದ್ದೀರಿ. ಬೆಲ್ಟನ್ನು ನಿಮ್ಮ ವೈದ್ಯರಿಗೆ ಒಂದು ಫೋನು ಮಾಡಿ, ದಿನಕ್ಕೊಂದು ಗಂಟೆ ಹೆಚ್ಚು ಹೆಚ್ಚು ಬಿಚ್ಚುತ್ತ ಬನ್ನಿ.

ವಾಲುವಿಕೆಗೆ ಒಂದು ಉಪಾಯ, ಇದನ್ನೂ ಅವರಿಗೆ ಹೇಳಿಯೇ ಮಾಡಿ. ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿ ಎಂಬ ಫಿಸಿಯೊ ರೂಢಿಗೆ ತಂದದ್ದು. ಎಡಕ್ಕೆ ವಾಲಿರುವುದರಿಂದ ಎಡಭುಜ ಗೋಡೆಗೆ ಬರುವಂತೆ ಪಕ್ಕಕ್ಕೆ ನಿಲ್ಲಿ. ಎಡ ಮೊಣಕೈ ಮಡಚಿ ಪಕ್ಕೆಲುಬಿಗೂ ಗೋಡೆಗೂ ನಡುವೆ ಇರಲಿ, ಪಾದಗಳು ಗೋಡೆಯಿಂದ ಒಂದು ಗೇಣು ದೂರ. ಈಗ ಬಲ ಅಂಗೈಯಿಂದ ಸೊಂಟದ ಬಲಮೂಳೆಯನ್ನು ಮೆಲ್ಲಗೆ ಗೋಡೆಯ ಕಡೆ ಒತ್ತಿ, ಬಿಡಿ. ಭುಜ ಅಲುಗಬಾರದು, ಸೊಂಟವೊಂದೇ ಸರಿಯಬೇಕು. ಎಂಟು ಹತ್ತು ಸಲ. ಬೆನ್ನಿನಲ್ಲಿ ಬಿಗಿ ಅನ್ನಿಸಿದರೆ ಅಡ್ಡಿಯಿಲ್ಲ. ನೋವು ಕಾಲಿಗೆ ಇಳಿದರೆ ಅಲ್ಲಿಗೇ ನಿಲ್ಲಿಸಿ.

ಇನ್ನು ಬೆಳಗಿನ ಅಂಗಳ. ನೀವು ಬರೆದಿಲ್ಲ, ಆದರೂ ಕೇಳುತ್ತೇನೆ: ಗುಡಿಸಿ ರಂಗೋಲಿ ಹಾಕುವವರು ಯಾರು?

ಕರಿಹಲಗೆ · ಜೂನ್ 12

ಅತ್ತೆ ಹಾಕುತ್ತಿದ್ದಾರೆ. ಆಷಾಢ ಕಳೆದ ಮೇಲೆ ನಾನೇ ಹಾಕಬೇಕೆಂದಿದ್ದೇನೆ. ಯಾಕೆ?

ಧಾರವಾಡದ ಫಿಸಿಯೊ · ಜೂನ್ 13

ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ. ಬೆಳಗ್ಗೆ ನಾವು ಸಂಜೆಗಿಂತ ಒಂದು ಸೆಂಟಿಮೀಟರಿನಷ್ಟು, ಕೆಲವರು ಅದಕ್ಕೂ ಹೆಚ್ಚು ಎತ್ತರ ಇರುವುದು ಅದಕ್ಕೇ. ಉಬ್ಬಿದ ಡಿಸ್ಕಿನ ಮೇಲೆ ಬಗ್ಗಿದರೆ ಒತ್ತಡ ಹೆಚ್ಚು. ಎದ್ದ ಹೊಸತರಲ್ಲಿ ಬಗ್ಗುವುದನ್ನು ತಪ್ಪಿಸಿದವರ ಬೆನ್ನುನೋವು ಕಡಿಮೆಯಾಯಿತೆಂದು 1998ರ ಅಮೆರಿಕದ ಅಧ್ಯಯನವೊಂದು ತೋರಿಸಿತ್ತು. ನಮ್ಮ ಹೆಂಗಸರು ಎದ್ದು ಮುಖ ತೊಳೆದು ಮಾಡುವ ಮೊದಲ ಕೆಲಸವೇ ಗಿಡ್ಡ ಪೊರಕೆ ಹಿಡಿದು ಬಗ್ಗುವುದು! ರಂಗೋಲಿ ಬಿಡಿ ಎನ್ನುವುದಿಲ್ಲ. ಎದ್ದು ಒಂದು ಗಂಟೆ ಓಡಾಡಿ, ಕಾಫಿ ಕುಡಿದು ಆಮೇಲೆ ಹಾಕಿ; ಬಗ್ಗುವ ಬದಲು ಗಿಡ್ಡ ಸ್ಟೂಲಿನ ಮೇಲೆ ಕೂತು ಹಾಕಿ. ಗುಡಿಸಲು ಉದ್ದ ಹಿಡಿಕೆಯ ಪೊರಕೆ.

ಮೂರನೇ ಗೇರು · ಜೂನ್ 13

ಯಾರೂ ಬರೆಯದ ವಿಷಯ ನಾನೇ ಬರೆಯುತ್ತೇನೆ. ಕಕ್ಕಸು. ನಮ್ಮ ಮನೆಯಲ್ಲಿ ಕುಕ್ಕುರುಗಾಲಲ್ಲಿ ಕೂರುವುದೇ ಇದ್ದದ್ದು. ಮಗ ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು ಅದರ ಮೇಲಿಟ್ಟ. ನಾಚಿಕೆ ಎರಡು ದಿನ, ಸುಖ ನಾಲ್ಕು ತಿಂಗಳು. ನೋವಿನ ಮಾತ್ರೆಗೆ ಹೊಟ್ಟೆ ಕಟ್ಟುತ್ತದೆ, ಮುಕ್ಕಿದರೆ ಬೆನ್ನಿಗೇ ಬಡಿಯುತ್ತದೆ. ಪಪ್ಪಾಯಿ ತಿನ್ನಿ, ನೀರು ಕುಡಿಯಿರಿ.

ಪುಟ್ಟಿಯ ಅಪ್ಪ · ಜೂನ್ 20

ನಡುವೆ ಬಾಯಿ ಹಾಕುತ್ತಿದ್ದೇನೆ. ಅಮ್ಮನಿಗೆ 68. ಬೆನ್ನುಹುರಿಯ ಕಾಲುವೆ ಕಿರಿದಾಗಿ, ಅದನ್ನು ಅಗಲ ಮಾಡುವ ಲ್ಯಾಮಿನೆಕ್ಟಮಿ ಆಪರೇಷನ್ ಆಗಿ ಮೂರು ತಿಂಗಳು. ಮೊದಲು ನೂರು ಹೆಜ್ಜೆಗೆ ಕಟ್ಟೆ ಹುಡುಕಿ ಕೂರುತ್ತಿದ್ದವರು ಈಗ ದೇವಸ್ಥಾನದ ತನಕ ನಡೆಯುತ್ತಾರೆ, ಆದರೆ ಮುಂದಕ್ಕೆ ಬಾಗಿಯೇ. ನೆಟ್ಟಗಾಗಮ್ಮ ಎಂದರೆ ಸಿಟ್ಟಾಗುತ್ತಾರೆ.

ಧಾರವಾಡದ ಫಿಸಿಯೊ · ಜೂನ್ 20

ಅವರು ಸಿಟ್ಟಾಗುವುದು ನ್ಯಾಯ. ಬಾಗಿದರೆ ಕಾಲುವೆ ಸ್ವಲ್ಪ ಅಗಲವಾಗಿ ನರಕ್ಕೆ ಆರಾಮ ಸಿಗುತ್ತಿತ್ತು, ಹಾಗಾಗಿ ವರ್ಷಗಟ್ಟಲೆ ಬಾಗಿಯೇ ನಡೆದಿದ್ದಾರೆ. ಈಗ ತೊಡೆಯ ಮುಂಭಾಗದ ಸ್ನಾಯುಗಳು ಗಿಡ್ಡವಾಗಿವೆ. ಬಾಯಲ್ಲಿ ಹೇಳಿದರೆ ಉದ್ದವಾಗುವುದಿಲ್ಲ. ಹತ್ತಿರದ ಫಿಸಿಯೊ ಬಳಿ ಕರೆದುಕೊಂಡು ಹೋಗಿ. ಕೈಗೆ ಕೋಲು ಬೇಕೆಂದರೆ ಭುಜದೆತ್ತರದ ಉದ್ದ ಕೋಲು ಕೊಡಿ, ಗಿಡ್ಡ ಕೋಲು ಬಾಗಿಸುತ್ತದೆ.

ಕರಿಹಲಗೆ · ಜುಲೈ 15

ಹಾಜರಿ ಹಾಕುತ್ತಿದ್ದೇನೆ. ಮೂರು ಬೆರಳು ಈಗ ಒಂದೂವರೆ. ಬೆಲ್ಟು ಬಸ್ ಪ್ರಯಾಣಕ್ಕೆ ಮಾತ್ರ. ಗೋಡೆಯ ವ್ಯಾಯಾಮ ಶಾಲೆಯ ಸ್ಟಾಫ್ ರೂಮಿನಲ್ಲೂ ಮಾಡುತ್ತೇನೆ, ಹೆಡ್‌ಮಾಸ್ಟರು ಬಾಗಿಲು ತಟ್ಟಿ ಒಳಗೆ ಬರುವುದನ್ನು ಕಲಿತಿದ್ದಾರೆ.

ಆದರೆ ನೋಟ್‌ಬುಕ್ ತಿದ್ದುವುದು ಸೋಲಿಸುತ್ತಿದೆ. ಎಪ್ಪತ್ತು ಪುಸ್ತಕ, ಗಿಡ್ಡ ಮೇಜು. ಇಪ್ಪತ್ತಾಗುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. ನಿಂತು ಪಾಠ ಮಾಡಿದರೆ ಏನೂ ಆಗುವುದಿಲ್ಲ. ಕೂತರೆ ವಿಶ್ರಾಂತಿ ಎಂದುಕೊಂಡಿದ್ದೆ.

ರೈನ್ ದಂಡೆ · ಜುಲೈ 15

ಆ ಬೆನ್ನಿನ ಶಾಲೆಯಲ್ಲಿ ಒಂದು ಪಟ ನೇತುಹಾಕಿದ್ದರು. ಸ್ವೀಡನ್ನಿನ ಆಲ್ಫ್ ನಾಖೆಮ್ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಡಿಸ್ಕಿಗೆ ಸೂಜಿ ಹಾಕಿ ಒತ್ತಡ ಅಳೆದ ಲೆಕ್ಕ. ನಿಂತಾಗ 100 ಎಂದರೆ ಅಂಗಾತ ಮಲಗಿದಾಗ 25, ಕೂತಾಗ 140, ಕೂತು ಮುಂದಕ್ಕೆ ಬಾಗಿದಾಗ 185. ನೀವು ಎಪ್ಪತ್ತು ಪುಸ್ತಕವನ್ನೂ 185ರಲ್ಲಿ ತಿದ್ದುತ್ತಿದ್ದೀರಿ. ನೆಟ್ಟಗೆ ಕೂರುವುದು ಅಷ್ಟು ಕೆಟ್ಟದ್ದಲ್ಲ ಎಂದು 1999ರಲ್ಲಿ ಜರ್ಮನಿಯಲ್ಲೇ ಮತ್ತೆ ಅಳೆದವರು ಹೇಳಿದ್ದಾರೆ. ಬಾಗಿ ಕೂರುವುದನ್ನು ಮಾತ್ರ ಯಾರೂ ಹೊಗಳಿಲ್ಲ.

ತೂಗುಗುಂಡು · ಜುಲೈ 16

ಹಳೆಯ ಶ್ಯಾನುಭೋಗರ ಮನೆಗಳಲ್ಲಿ ಇಳಿಜಾರು ಮುಚ್ಚಳದ ಬರೆಯುವ ಪೆಟ್ಟಿಗೆ ಇರುತ್ತಿತ್ತಲ್ಲ, ಅದೇ ಬೇಕು ನಿಮಗೆ. ಒಂದೂವರೆ ಅಡಿ ಪ್ಲೈವುಡ್, ಹಿಂದೆ ಎರಡು ಇಟ್ಟಿಗೆ. ಪುಸ್ತಕ ಕಣ್ಣ ಹತ್ತಿರ ಬರುತ್ತದೆ, ಕಣ್ಣು ಪುಸ್ತಕದ ಹತ್ತಿರ ಹೋಗಬೇಕಿಲ್ಲ. ಜಾರದ ಹಾಗೆ ಕೆಳಗೊಂದು ಪಟ್ಟಿ ಹೊಡೆಸಿ.

ಅಡಿಕೆಸೀಮೆ · ಜುಲೈ 17

ಒಂದು ತಿಂಗಳಿಂದ ಓದುತ್ತಿದ್ದೇನೆ, ಸುಮ್ಮನಿದ್ದೆ. ನಾನು ಬೆಲ್ಟು ಹಾಕಲು ಶುರು ಮಾಡಿ ಎರಡು ವರ್ಷ. ಈ ಭಾನುವಾರ ಅದಿಲ್ಲದೆ ತೋಟದ ಮೇಲಿನ ಅಂಕಣದ ತನಕ ಹೋಗಿ ಬಂದೆ. ಏನೂ ಆಗಲಿಲ್ಲ. ಫಿಸಿಯೊ ಅವರೇ, ಹುಬ್ಬಳ್ಳಿ ಧಾರವಾಡಕ್ಕೆ ಬಂದರೆ ನಿಮ್ಮಂಥವರಿಗೆ ತೋರಿಸಬೇಕು ಎಂದುಕೊಂಡಿದ್ದೇನೆ. ಚೀಲದ ಬಗ್ಗೆ ಹೇಳಿದ್ದನ್ನು ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ.

ಕರಿಹಲಗೆ · ಆಗಸ್ಟ್ 22

ಒಂಟಿ ಬಲಗಾಲಲ್ಲಿ ಆರು ಸಲ ಹಿಮ್ಮಡಿ ಎತ್ತಿದೆ. ಏಳನೆಯದಕ್ಕೆ ಕಾಲು ನಡುಗಿತು. ಹತ್ತು ಆಗಿಲ್ಲ, ಆದರೂ ಬರೆಯುತ್ತಿದ್ದೇನೆ. ಗೌರಿ ಹಬ್ಬಕ್ಕೆ ನೆಲದ ಮೇಲೆ ಮಣೆ ಹಾಕಿ, ಅದರ ಮೇಲೆ ಕಂಬಳಿ ಮಡಚಿ ಕೂತು ಊಟ ಮಾಡಬೇಕೆಂದಿದ್ದೇನೆ. ಸೊಂಟ ಮಂಡಿಗಿಂತ ಎತ್ತರ ಇದ್ದರೆ ಹಿಡಿದುಕೊಳ್ಳುವುದಿಲ್ಲ. ಕಿರುಬೆರಳ ಜೋಮು ಹಾಗೇ ಇದೆ. ದಾರದ ಲೆಕ್ಕ ಅರ್ಧ ಬೆರಳು. ನಮ್ಮತ್ತೆ ನನ್ನ ಹಳೆಯ ಮದುವೆ ಫೋಟೊ ತೆಗೆದು ತೋರಿಸಿದರು. ಅಲ್ಲೂ ಅಷ್ಟೇ ವಾಲಿದ್ದೇನೆ.

ಸೆಪ್ಟೆಂಬರ್ 2ಕ್ಕೆ ಮರುಪರೀಕ್ಷೆ. ಆಗುಂಬೆ ಘಾಟಿ ಇಳಿದು ಹೋಗಬೇಕು. ಆಪರೇಷನ್ ಆದ ಮೇಲೆ ಅಷ್ಟು ತಿರುವುಗಳಲ್ಲಿ ಬಸ್ಸಿನಲ್ಲಿ ಕೂತಿಲ್ಲ. ಎಲ್ಲಿ ಕೂರಲಿ?

ಮೂರನೇ ಗೇರು · ಆಗಸ್ಟ್ 22

ಹಿಂದಿನ ಚಕ್ರದ ಮೇಲೆ ಮತ್ತು ಅದರ ಹಿಂದೆ ಬೇಡವೇ ಬೇಡ, ಅಲ್ಲಿ ಕೂತವರು ಗುಂಡಿಗೊಮ್ಮೆ ಹಾರುತ್ತಾರೆ. ಎರಡು ಚಕ್ರಗಳ ನಡುವೆ, ಮುಂದಿನಿಂದ ಮೂರನೆಯದೋ ನಾಲ್ಕನೆಯದೋ ಸೀಟು, ಕಿಟಕಿ ಪಕ್ಕ. ತಿರುವಿನಲ್ಲಿ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಪಾದ ಅಗಲಿಸಿ ಊರಿ. ಸೊಂಟದ ಹಿಂದೆ ಸುತ್ತಿದ ಟವೆಲ್ಲು. ಕಂಡಕ್ಟರಿಗೆ ಮೊದಲೇ ಹೇಳಿ, ಸೋಮೇಶ್ವರದಲ್ಲಿ ಇಳಿದು ಎರಡು ನಿಮಿಷ ನಿಂತುಕೊಳ್ಳುತ್ತೇನೆ ಎಂದು. ಬೆಳಗಿನ ಬಸ್ಸಿಗೆ ಹೋಗಿ ತಂಗೀ, ಮಧ್ಯಾಹ್ನದ್ದರಲ್ಲಿ ಸೀಟು ಸಿಗುವುದಿಲ್ಲ.

ಕರಿಹಲಗೆ · ಆಗಸ್ಟ್ 23

ಆಗಲಿ ಅಣ್ಣಾ. ಟವೆಲ್ಲು ಈಗಲೇ ಚೀಲಕ್ಕೆ ಹಾಕಿದೆ.